ಊಟಕ್ಕೆ ಎದ್ದವರ ಗಡಿಯಾರ

ಗದಗ,
ಕ್ರಿ.ಶ. 2371, ಫೆಬ್ರವರಿ ಮೂವತ್ತು

ಚಿರಂಜೀವಿ ತೋಂಟೇಶಜ್ಜನಿಗೆ ಹನ್ನೊಂದನೇ ತಲೆಮಾರಿನ ಮೊಮ್ಮಗಳು ಗಂಗೋತ್ರಿ ಮಾಡುವ ನಮಸ್ಕಾರ ಮತ್ತು ಆಶೀರ್ವಾದ. ನಿನಗೀಗ ಇಪ್ಪತ್ತಾರು, ನನಗೆ ಅರವತ್ತೆಂಟು, ಹೀಗಾಗಿ ಎರಡನ್ನೂ ಬರೆದಿದ್ದೇನೆ. ಫೆಬ್ರವರಿಗೆ ಮೂವತ್ತನೇ ತಾರೀಖು ಎಲ್ಲಿಂದ ಬಂತು ಎಂದು ತಲೆ ಕೆಡಿಸಿಕೊಳ್ಳಬೇಡ. ಆ ತಿಂಗಳಿಗೆ ಅನ್ಯಾಯವಾಗಿದೆ ಎಂದು ಯಾರೋ ಕೋರ್ಟಿಗೆ ಹೋಗಿ ಗೆದ್ದರು. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸು. ನಿನ್ನ ಕಾಲದ ಕನ್ನಡವನ್ನು ನಾನು ಕಲಿತದ್ದು ನಿನ್ನ ಪಂದ್ಯಾವಳಿಯ ಚಾಟ್ ಓದಿ, ಅದರಲ್ಲಿ ಅರ್ಧ ಬೈಗುಳ.

ಈ ಕಾಗದ ಹಿಂದಂಚೆಯಲ್ಲಿ ಬರುತ್ತಿದೆ. ಅಂದರೆ ಕಳೆದುಹೋದ ಕಾಲಕ್ಕೆ ಕಾಗದ ಒಯ್ಯುವ ಅಂಚೆ; ಒಬ್ಬರಿಗೆ ಜೀವಮಾನಕ್ಕೆ ಒಂದೇ ಕಾಗದ. ನನ್ನ ತಂಗಿ ತನ್ನ ಪಾಲಿನದನ್ನು ಮುತ್ತಜ್ಜಿಗೆ ಎಣ್ಣೆಗಾಯಿಯ ಮಸಾಲೆ ಕೇಳಲು ಹಾಕಿದಳು. ಅಲ್ಲಿಂದ ಉತ್ತರ ಬರುವ ವ್ಯವಸ್ಥೆಯೇ ಇಲ್ಲ ಎನ್ನುವುದು ಆ ಪುಣ್ಯಾತ್ಗಿತ್ತಿಗೆ ಆಮೇಲೆ ಹೊಳೆಯಿತು. ನನ್ನ ಪಾಲಿನದನ್ನು ನಿನಗೇ ಮೀಸಲಿಟ್ಟೆ, ಯಾಕೆಂದರೆ ಬರುವ ಭಾನುವಾರ ನೀನು ಆಡಿಸುವ ಒಂದು ಆಟ ಇನ್ನೂ ಮುಗಿದಿಲ್ಲ. ಮುನ್ನೂರ ನಲವತ್ತು ವರ್ಷವಾಯಿತು ಮಾರಾಯ. ನಾನು ಕಣ್ಣು ಮುಚ್ಚುವುದರೊಳಗೆ ಅದು ಮುಗಿಯಬೇಕು.

ಭಾನುವಾರ ಏನಾಗುತ್ತದೆ ಕೇಳು. ಬೇರೆ ಬೇರೆ ಊರುಗಳಿಂದ ಮೂವತ್ತೆರಡು ಜನ ತಾವೇ ಬರೆದ ಚದುರಂಗದ ಪ್ರೋಗ್ರಾಮುಗಳನ್ನು ಆನ್‌ಲೈನಿನಲ್ಲಿ ಕಾದಾಡಲು ಬಿಡುತ್ತಾರೆ. ನೀನು ಸಂಘಟಕ. ಬೆಳಿಗ್ಗೆ ಜೋಡಿ ಪಟ್ಟಿ ಹಾಕುವ ಹೊತ್ತಿಗೆ ಇಬ್ಬರ ಕರೆಂಟು ಹೋಗಿರುತ್ತದೆ, ಒಬ್ಬ ಮಷೀನಿಗೆ ಆಟ ಒಪ್ಪಿಸಿ ಸ್ನಾನಕ್ಕೆ ಹೋಗಿರುತ್ತಾನೆ. ನಿನ್ನವ್ವ ಅಡುಗೆಮನೆಯಿಂದಲೇ ಕೂಗುತ್ತಾಳೆ: "ಆಡೂದು ಮಷೀನು, ಉಪಾಸ ನೀವ್ಯಾಕ ಸಾಯ್ತೀರೋ?" ಆಕೆಯ ಬಾಯಿಗೆ ಹೆದರಿ ನೀನು ಅವಸರದಲ್ಲಿ ಹದಿನಾಲ್ಕನೇ ನಿಯಮ ಸೇರಿಸುತ್ತೀ: ಊಟಕ್ಕೆ ಎದ್ದವರ ಗಡಿಯಾರ ಓಡಕೂಡದು. "ಊಟ" ಗುಂಡಿ ಒತ್ತಿ ಏಳಬೇಕು, "ಊಟ ಆಯ್ತು" ಗುಂಡಿ ಒತ್ತಿದ ಮೇಲೆಯೇ ಆಟ ಮುಂದುವರಿಯಬೇಕು. ಅಲ್ಲಿಯವರೆಗೆ ಸಂಘಟಕರು ದಿನಕ್ಕೊಮ್ಮೆ ವಿಚಾರಿಸತಕ್ಕದ್ದು. ಊಟಕ್ಕೆ ಎಷ್ಟು ಹೊತ್ತು ಎಂದು ಬರೆಯಲು ನಿನಗೆ ತೋಚಲಿಲ್ಲ. ಉಣ್ಣುವವರಿಗೆ ಹೊತ್ತು ಗೊತ್ತುಮಾಡುವುದು ನಮ್ಮ ಮನೆತನದಲ್ಲೇ ಇಲ್ಲವಲ್ಲ!

ಮಧ್ಯಾಹ್ನ ಒಂದಕ್ಕೆ ನಿನ್ನ ಪ್ರೋಗ್ರಾಮು ಗುದ್ದಲಿಗೂ ಫಕೀರೇಶನ ಪ್ರೋಗ್ರಾಮು ಒಗ್ಗರಣೆಗೂ ಆಟ. ಫಕೀರೇಶ ಎರಡು ಓಣಿ ಆಚೆ ಇರುವವನು, ಒಂದನೇ ಇಯತ್ತೆಯಿಂದ ನಿನ್ನ ಗೆಳೆಯ. ಒಗ್ಗರಣೆಯನ್ನು ಎರಡು ವರ್ಷ ಕೂತು ಬರೆದವನು. ಅದರ ರಾಜನಿಗೆ ಹೋಗಲು ಒಂದೇ ಮನೆ ಉಳಿಯುತ್ತದೆ. ಹೋದರೆ ನಿನ್ನ ಆನೆ ಬಂದು ಚೆಕ್‌ಮೇಟ್. ಆಗ ನೀನು ಮೂವತ್ತೆರಡು ಜನರೆದುರು ಬರೆಯುತ್ತೀ: "ಒಗ್ಗರಣಿ ಸೀದ ಹೋತು, ಎಲ್ಲಾರೂ ಮೂಗು ಮುಚ್ಕೋರ್ರೀ!" ಫಕೀರೇಶ "ಊಟ" ಗುಂಡಿ ಒತ್ತಿ ಎದ್ದು ಹೋಗುತ್ತಾನೆ.

ಹೋದವನು "ಊಟ ಆಯ್ತು" ಗುಂಡಿ ಒತ್ತಲೇ ಇಲ್ಲ. ಮರುದಿನದಿಂದ ಸರಿಯಾಗಿ ಒಂದು ಗಂಟೆಗೆ ನೀನು "ಊಟ ಆತೇನೋ?" ಎಂದು ಕೇಳತೊಡಗಿದೆ. ನಿನ್ನ ನಂತರ ನಿನ್ನ ಮಗಳು, ಆಮೇಲೆ ಅವಳ ಮಗ. ಈಗ ನಮ್ಮ ಅಡ್ಡಹೆಸರೇ ಊಟಕೇಳವರ. ನಾನು ಕೇಳುವವರೆಗೆ ಗದಗಿನಲ್ಲಿ ಒಬ್ಬರೂ ತಟ್ಟೆ ಮುಟ್ಟುವುದಿಲ್ಲ. ನನಗೆ ನೆಗಡಿಯಾದರೆ ಊರಿಗೇ ಗಾಬರಿ. ಬೆಟಗೇರಿಯ ನೇಕಾರರು ಆ ಆಟವನ್ನು ಸೀರೆಯ ಸೆರಗಿನಲ್ಲಿ ನೇಯುತ್ತಾರೆ, ಮದುವೆಯಲ್ಲಿ ಬೀಗರು ಸೆರಗು ನೋಡುತ್ತಾ ಆನೆ ಎಲ್ಲಿ ಬರಬೇಕೆಂದು ಜಗಳಾಡುತ್ತಾರೆ. ಗುದ್ದಲಿ ಇನ್ನೂ ಎಚ್ಚರವಾಗಿಯೇ ಇದೆ. ಒಂದೇ ಚೆಕ್‌ಮೇಟನ್ನು ಇಷ್ಟು ವರ್ಷ ಲೆಕ್ಕ ಹಾಕೀ ಹಾಕೀ ಈಚೆಗೆ ಅದಕ್ಕೇ ಅನುಮಾನ ಶುರುವಾಗಿದೆ.

ನಿಜ ಹೇಳುತ್ತೇನೆ, ಹದಿನಾಲ್ಕನೇ ನಿಯಮ ಅಳಿಸು ಎಂದು ಕೇಳಲೆಂದೇ ಈ ಕಾಗದಕ್ಕೆ ಕೂತಿದ್ದೆ. ಕೂರುವ ಮೊದಲು ಹಳೆಯ ಚಾಟನ್ನು ಅಳಿಗನ್ನಡಿಯಲ್ಲಿ ಹಿಡಿದು ನೋಡಿದೆ. ಅಳಿಗನ್ನಡಿ ನಮ್ಮ ಕಾಲದ ಹೊಸ ವಸ್ತು, ಬರೆದು ಅಳಿಸಿದ್ದನ್ನೂ ತೋರಿಸುತ್ತದೆ. ಪ್ರೇಮಪತ್ರ ಬರೆಯುವವರು ಅದನ್ನು ಕಂಡರೆ ಹೌಹಾರುತ್ತಾರೆ.

ಅಜ್ಜಾ, ಫಕೀರೇಶ ಎಲ್ಲಿಗೂ ಹೋಗಿರಲಿಲ್ಲ. ದಿನಾ ಒಂದು ಗಂಟೆಗೆ ಬಂದು ಕೂರುತ್ತಿದ್ದ. ನೀನು ಕೇಳಿದ ಕೂಡಲೇ ಬರೆಯುತ್ತಿದ್ದ: "ಇನ್ನೂ ಇಲ್ಲೋ. ನಿಂದು?" ಬರೆದು ಅಳಿಸುತ್ತಿದ್ದ. ಹೀಗೆ ನಲವತ್ತೊಂದು ವರ್ಷ! ಎರಡು ಓಣಿ ದಾಟಲು ನಿಮ್ಮಿಬ್ಬರ ಕಾಲಿಗೇನು ಬೇಡಿ ಹಾಕಿತ್ತೋ, ಮೊಂಡರಾ! ನೀನು ಯಾವಾಗ ತೀರಿಕೊಂಡೆ ಎಂದು ಹೇಳಲು ಹಿಂದಂಚೆಯವರು ಬಿಡುವುದಿಲ್ಲ. ಆದರೆ ಒಂದು ದಿನ ನಮ್ಮ ಮನೆಯಿಂದ ಯಾರೂ ಕೇಳಲಿಲ್ಲ, ಮನೆಯಲ್ಲಿ ಸಾವಾಗಿತ್ತು. ಅವತ್ತು ಒಂದು ಗಂಟೆಗೆ ಅವನೇ ಬರೆದ: "ತೋಂಟ್ಯಾ, ಊಟ ಆತೇನೋ?" ಅದನ್ನೂ ಅಳಿಸಿದ. ಮಾರನೇ ದಿನದಿಂದ ಬರಲಿಲ್ಲ. ಇದನ್ನು ಓದಿ ನಾನು ಗೋಳೋ ಎಂದು ಅತ್ತೆ, ಆವತ್ತು ಊರಿಗೆ ಊಟ ಮೂರು ಗಂಟೆಗಾಯಿತು.

ಅದಕ್ಕೇ ನಿಯಮ ಅಳಿಸಬೇಡ, ಇರಲಿ. ನಿನ್ನ ನಾಲಗೆ ನೆಟ್ಟಗಿರಲಿ ಎಂದು ಬೇಡುವುದೂ ದಂಡ. ಅದು ನಮ್ಮ ರಕ್ತದಲ್ಲೇ ಇಲ್ಲ, ನನಗೆ ಗೊತ್ತು. ನೀನು ಆ ಮಾತು ಬರೆದೇ ಬರೆಯುತ್ತೀ, ಅವನು ಎದ್ದೇ ಏಳುತ್ತಾನೆ. ನನ್ನ ಬೇಡಿಕೆ ಅಲ್ಲಿಂದ ಮುಂದಿನದು. ಮೂವತ್ತು ಜನ ಕಾದರೆ ಕಾಯಲಿ, ಕಂಪ್ಯೂಟರು ಬಿಟ್ಟು ಏಳು. ಅವ್ವನ ಹತ್ತಿರ ನಾಲ್ಕು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಸಿಕೊಂಡು ಎರಡು ಓಣಿ ನಡೆ. ಇದರಿಂದ ನನ್ನ ಅಡ್ಡಹೆಸರು, ಬೆಟಗೇರಿಯ ಸೆರಗು ಎಲ್ಲ ಇಲ್ಲವಾದೀತು. ಆಗಲಿ ಬಿಡು, ಊರವರು ಹಸಿವಾದಾಗ ಉಣ್ಣುತ್ತಾರೆ.

ಬಾಗಿಲು ಬಡಿದು ಬಾಯಿಬಿಟ್ಟು ಕೇಳು. ಇನ್ನೂ ಇಲ್ಲ ಅನ್ನುತ್ತಾನೆ. ಜೊತೆಗೆ ಕೂತು ಉಣ್ಣು. ಕೈ ತೊಳೆದ ಮೇಲೆ ಬೇಕಾದರೆ ಆ ಆನೆ ಸರಿಸು.

ನಿನ್ನ ಮೊಮ್ಮಗಳು,
ಗಂಗೋತ್ರಿ ಊಟಕೇಳವರ