ಬ್ರೇಕ್ ಒತ್ತಿದ್ದು ನಿಜ

ಮೋರಖಂಡಿ, ಬಸವಕಲ್ಯಾಣ ತಾಲೂಕು
ರವಿವಾರ, ೧೭ ಆಗಸ್ಟ್ ೨೦೨೫

ಪ್ರೀತಿಯ ಅಪ್ಪನಿಗೆ, ನಿಮ್ಮ ವಿಶಾಖಾಳ ಜೈಭೀಮ್.

ಮೊಣಕಾಲು ನೋವು ಹೇಗಿದೆ? ಉದಗೀರಿನಲ್ಲಿ ಅಜೀತಣ್ಣನ ಮನೆ ಮೂರನೇ ಮಹಡಿಯಲ್ಲಿದೆ, ದಿನಕ್ಕೆ ಎಷ್ಟು ಸಲ ಹತ್ತಿ ಇಳಿಯುತ್ತೀರೋ. ಸಕ್ಕರೆ ಗುಳಿಗೆಯನ್ನು ಊಟಕ್ಕಿಂತ ಮೊದಲು ತೆಗೆದುಕೊಳ್ಳಿ, ನೆನಪಾದಾಗ ಅಲ್ಲ. ಇಲ್ಲಿ ಅವ್ವ ಚೆನ್ನಾಗಿದ್ದಾಳೆ. ಕೈಯ ಪ್ಲಾಸ್ಟರ್ ತೆಗೆದು ಹದಿನೈದು ದಿನವಾಯಿತು. ರೊಟ್ಟಿ ಬಡಿಯಬೇಡ ಎಂದು ಡಾಕ್ಟರ್ ಹೇಳಿದ್ದರೂ ಎಡಗೈಯಲ್ಲಿ ಬಡಿಯುತ್ತಾಳೆ. ರೊಟ್ಟಿ ಒಂದು ಕಡೆ ದಪ್ಪ, ಒಂದು ಕಡೆ ತೆಳ್ಳಗೆ ಬರುತ್ತದೆ, ಅದಕ್ಕೆ ನಾನೇನೂ ಅನ್ನಬಾರದು. ಫೋನಿನಲ್ಲಿ ಹೇಳಬಹುದಾಗಿದ್ದನ್ನು ಬರೆಯುತ್ತಿದ್ದೇನೆ, ಏಕೆಂದರೆ ಗಾಡಿಯ ಮಾತು ಬಂದರೆ ಸಾಕು, ನೀವು ‘ರೇಂಜ್ ಇಲ್ಲ’ ಎಂದು ಫೋನನ್ನು ಅಣ್ಣನ ಕೈಗೆ ಕೊಟ್ಟುಬಿಡುತ್ತೀರಿ. ಕಾಗದವನ್ನು ಹಾಗೆ ದಾಟಿಸಲು ಆಗುವುದಿಲ್ಲ.

ಮೊದಲು ಒಳ್ಳೆಯ ಸುದ್ದಿ. ಮೊನ್ನೆ ಗುರುವಾರ ನಿಮ್ಮ ಬೈಕ್ ಬಸವಕಲ್ಯಾಣದ ಆರ್‌ಟಿಒ ಕಚೇರಿಯಲ್ಲಿ ತಪಾಸಣೆಗೆ ನಿಂತು ಪಾಸಾಯಿತು. ಮೂವತ್ತೈದು ವರ್ಷದ ಗಾಡಿಗೆ ಇನ್ನೂ ಐದು ವರ್ಷ ಓಡಲು ಅನುಮತಿ ಸಿಕ್ಕಿದೆ. ಜೂನ್ ತಿಂಗಳಲ್ಲಿ ನೀವು ಅದನ್ನು ದನದ ಕೊಟ್ಟಿಗೆಗೆ ತಳ್ಳಿ, ಮೇಲೆ ತಾಡಪತ್ರಿ ಹೊದಿಸಿ, ಹಗ್ಗ ಬಿಗಿದು ಹೋದಿರಿ. ಹೋಗುವಾಗ ಹೇಳಿದ ಮಾತು ನನಗೆ ಇನ್ನೂ ಕೇಳಿಸುತ್ತದೆ. ‘ಗಾಡಿದೇನೂ ತಪ್ಪಿಲ್ಲ, ಅದು ಪಾಸಾದ ಗಾಡಿ. ನನ್ನ ಕಾಲಾಗ ಜೀವ ಉಳಿದಿಲ್ಲ. ಬ್ರೇಕ್ ಒತ್ತೇನಿ ಅನಕೊಂಡೆ, ಒತ್ತೇ ಇಲ್ಲ.’ ನಲವತ್ತು ವರ್ಷ ಊರೂರು ತಿರುಗಿ ದನಕರುಗಳಿಗೆ ಸೂಜಿ ಹಾಕಿ ಬಂದ ಮನುಷ್ಯ, ಹುಡಗಿ ಊರಿನ ತಿರುವಿನಲ್ಲಿ ಒಂದು ಕುರಿ ಹಿಂಡು ಅಡ್ಡ ಬಂದದ್ದಕ್ಕೆ, ಹಿಂದೆ ಕೂತ ಹೆಂಡತಿ ಬಿದ್ದು ಕೈ ಮುರಿದದ್ದಕ್ಕೆ, ತಾನು ಮುದುಕನಾದೆ ಎಂದು ತೀರ್ಮಾನಿಸಿ ಊರು ಬಿಟ್ಟ. ಅವ್ವನ ಕೈ ಕಣ್ಣಿಗೆ ಬೀಳಬಾರದೆಂದೇ ನೀವು ಹೋದದ್ದು, ಅವಳಿಗೂ ಅದು ಗೊತ್ತು.

ಈ ತಿಂಗಳು ಅನುಮತಿಯ ಅವಧಿ ಮುಗಿಯುವುದಿತ್ತು. ಮಾರಿಬಿಡೋಣ ಎಂದೆ. ಅವ್ವ ಬೇಡ ಎಂದಳು. ಸರಿ ಎಂದು ಟೆಂಪೋದಲ್ಲಿ ಹಾಕಿಸಿ, ಹುಮನಾಬಾದಿನಲ್ಲಿ ನಮ್ಮ ಔಷಧಿ ಕಾರ್ಖಾನೆಯ ಹತ್ತಿರ ಇರುವ ಅಬ್ದುಲ್ ಕರೀಂ ಚಾಚಾನ ಗ್ಯಾರೇಜಿಗೆ ಒಯ್ದೆ. ಪ್ಯಾಕಿಂಗ್ ಪಾಳಿ ಮುಗಿಸಿ ಸಂಜೆ ಹೋದರೆ ಚಾಚಾ ಒಂದು ತುಂಡು ಕಬ್ಬಿಣವನ್ನು ಕೈಯಲ್ಲಿ ಹಿಡಿದು ಕೂತಿದ್ದರು. ಕಾಲಿನ ಬ್ರೇಕಿನಿಂದ ಹಿಂದಿನ ಗಾಲಿಗೆ ಹೋಗುವ ಕಂಬಿ ಅದು, ಇಂಜಿನ್ನಿನ ಕೆಳಗೆ ಮರೆಯಲ್ಲಿ ಎರಡು ತುಂಡಾಗಿತ್ತಂತೆ. ಬಿದ್ದ ಹೊಡೆತಕ್ಕೆ ಮುರಿದಿರಬೇಕು ಎಂದೆ. ಚಾಚಾ ತಲೆ ಅಲ್ಲಾಡಿಸಿದರು.

‘ಬಿದ್ದದ್ದಕ್ಕ ಮುರಿದಿಲ್ಲ ಬೇಟಿ, ಮುರಿದದ್ದಕ್ಕ ಬಿದ್ದಾರ. ಇಲ್ಲಿ ನೋಡು, ಕರ್ರಗ ಜಂಗು ತುಕ್ಕು ಹಿಡದದ. ಇದು ಹಳೇ ಬಿರುಕು. ಈ ಕಡೆ ಅಷ್ಟೇ ಬೆಳ್ಳಗದ, ಇದು ಅವತ್ತು ಕಡದದ್ದು. ನಿಮ್ಮ ಅಪ್ಪ ಜೋರಲೆ ಒತ್ಯಾರ, ಅದಕ್ಕ ಕಡದದ. ಒತ್ತದಿದ್ರ ಇದು ಕಡೀತಿದ್ದಿಲ್ಲ.’

ಅಪ್ಪಾ, ಆ ತುಂಡನ್ನು ನಾನು ಬೆಳಕಿಗೆ ಹಿಡಿದು ನೋಡಿದೆ. ನೀವು ಬ್ರೇಕ್ ಒತ್ತಿದ್ದಿರಿ. ನಿಮ್ಮ ಕಾಲಿನಲ್ಲಿ ಬೇಕಾದಷ್ಟು ಜೀವ ಇತ್ತು. ಗ್ಯಾರೇಜಿನ ಸ್ಟೂಲಿನ ಮೇಲೆ ಕೂತು ಅತ್ತುಬಿಟ್ಟೆ. ಚಾಚಾ ಚಹಾ ತರಿಸಿದರು. ಅರ್ಧ ಅಳು ಸಮಾಧಾನದ್ದು. ಉಳಿದರ್ಧದ ಕಾರಣವನ್ನು ಈಗ ಬರೆಯುತ್ತೇನೆ.

ಕೊರೋನಾ ವರ್ಷದಲ್ಲಿ ನೀವು ಟೈಫಾಯ್ಡ್ ಬಂದು ಮಲಗಿದ್ದಾಗ ಗಾಡಿ ಪಾಸು ಮಾಡಿಸಿಕೊಂಡು ಬಾ ಎಂದು ನನ್ನ ಕೈಗೆ ಕೀಲಿ ಕೊಟ್ಟಿರಿ. ಕಾರ್ಖಾನೆಯಲ್ಲಿ ರಜೆ ಸಿಗಲಿಲ್ಲ. ಯಾರೋ ಒಬ್ಬ ಏಜೆಂಟ್ ‘ಗಾಡಿ ತರೂದೇ ಬ್ಯಾಡ್ರಿ, ಚಾಸಿ ನಂಬರ್ ಪೆನ್ಸಿಲಲೆ ಉಜ್ಜಿ ಕೊಡ್ರಿ’ ಎಂದ. ಗಾಡಿಯ ಕಬ್ಬಿಣದ ಮೇಲೆ ಕೊರೆದ ನಂಬರಿಗೆ ಕಾಗದ ಇಟ್ಟು ಉಜ್ಜಿ ಕೊಟ್ಟೆ. ನಮ್ಮದೇ ಬಣ್ಣದ ಬೇರೆ ಯಾರದೋ ಗಾಡಿಯನ್ನು ತೋರಿಸಿ ಪಾಸಾದ ಪತ್ರ ಮಾಡಿಸಿದ್ದನಂತೆ, ಆಮೇಲೆ ನಗುತ್ತ ಹೇಳಿದ. ನಾನೂ ನಕ್ಕೆ. ಆ ದಿನವೆಲ್ಲ ನಿಮ್ಮ ಗಾಡಿ ಕಾರ್ಖಾನೆಯ ಗೇಟಿನ ಬಳಿ ನಿಂತಿತ್ತು, ಅದರ ಒಂದು ನಟ್ಟನ್ನೂ ಯಾರೂ ಮುಟ್ಟಲಿಲ್ಲ. ನೀವು ಆ ಪತ್ರವನ್ನು ಪ್ಲಾಸ್ಟಿಕ್ಕಿನಲ್ಲಿಟ್ಟು ಐದು ವರ್ಷ ನಂಬಿದಿರಿ. ನಿಮ್ಮ ಕಾಲಿಗಿಂತ ಹೆಚ್ಚು ಅದನ್ನು ನಂಬಿದಿರಿ. ಬಿರುಕು ಆಗಲೇ ಇತ್ತೇ ಎಂದು ಚಾಚಾನನ್ನು ಎರಡು ಸಲ ಕೇಳಿದೆ. ‘ಇರಬಹುದು, ಇರಲಿಕ್ಕಿಲ್ಲ. ನೋಡಿದವರು ಯಾರೂ ಇಲ್ಲಲ್ಲ’ ಎಂದರು.

ಅದಕ್ಕೇ ಈ ಸಲ ಎರಡು ದಿನ ಸಂಬಳ ಬಿಟ್ಟು ನಾನೇ ಗಾಡಿ ಒಯ್ದೆ. ತಪಾಸಣೆ ಮಾಡುವವರು ಧನಶ್ರೀ ಮೇಡಂ ಎಂಬ ಹೆಣ್ಣುಮಗಳು, ನನ್ನದೇ ವಯಸ್ಸು ಇರಬೇಕು. ನೆಲಕ್ಕೆ ಗೋಣಿಚೀಲ ಹಾಸಿ, ಮಲಗಿ, ಟಾರ್ಚ್ ಹಿಡಿದು ಇಂಜಿನ್ನಿನ ಕೆಳಗೆ ನೋಡಿದರು. ಸರಿಯಾಗಿ ಆ ಕಂಬಿಯ ಜಾಗವನ್ನೇ ಕೈಯಿಂದ ಎಳೆದು ನೋಡಿದರು. ಐದು ವರ್ಷದ ಹಿಂದೆ ಹೀಗೊಬ್ಬರು ಮಲಗಿ ನೋಡಿದ್ದರೆ ಎಂದುಕೊಂಡೆ. ಆಮೇಲೆ ತಾವೇ ಓಡಿಸಿ ಮೂರು ಸಲ ಗಕ್ಕನೆ ನಿಲ್ಲಿಸಿದರು. ‘ಹಿಂದಿಂದು ಛಲೋ ಅದ. ಮುಂದಿನ ಬ್ರೇಕ್ ಸಡಲ ಅದ, ಬಿಗಿ ಮಾಡಿಸಿಕೊಂಡು ನಾಳೆ ಬರ್ರಿ’ ಎಂದು ವಾಪಸ್ ಕಳಿಸಿದರು. ಸಾಲಿನಲ್ಲಿದ್ದವರು ಅಯ್ಯೋ ಪಾಪ ಎಂದರು. ನನಗೆ ಮಾತ್ರ ಮೇಡಂ ಅವರ ಕೈ ಹಿಡಿದುಕೊಳ್ಳಬೇಕು ಅನ್ನಿಸಿತು. ಮರುದಿನ ಮತ್ತೆ ಓಡಿಸಿ ನೋಡಿಯೇ ಸಹಿ ಹಾಕಿದರು.

ಮನೆಗೆ ಬಂದು ಅವ್ವನಿಗೆ ಎಲ್ಲವನ್ನೂ ಹೇಳಿದೆ. ಅವಳು ತನ್ನ ಮಣಿಕಟ್ಟನ್ನು ತಿಕ್ಕಿಕೊಂಡಳು. ‘ನನಗ ಹೇಳಿ ಏನ್ ಮಾಡ್ತಿ? ಎರಡು ತಿಂಗಳಾತು ಆ ಮನುಷ್ಯಾ ತನಗ ತಾನೇ ಬೈಕೊಳ್ಳಾಕತ್ತಾನ. ಅವಗ ಹೇಳು’ ಎಂದಳು. ಹೇಳಿದ್ದೇನೆ ಅಪ್ಪಾ. ಅವ್ವನ ಕೈ ಮುರಿದ ದಿನವೇ ಹೇಳಬೇಕಿತ್ತು, ಧೈರ್ಯ ಬರಲಿಲ್ಲ. ನೀವು ಬೈದರೆ ಕೇಳುತ್ತೇನೆ. ಬೈಯದೆ ಸುಮ್ಮನಿರಬೇಡಿ, ಅದನ್ನು ಮಾತ್ರ ತಡೆಯಲಾರೆ.

ಅಣ್ಣನಿಗೂ ಅತ್ತಿಗೆಗೂ ನನ್ನ ನಮಸ್ಕಾರ ತಿಳಿಸಿ. ನಿಮ್ಮ ಆರೋಗ್ಯ ಚೆನ್ನಾಗಿರಲಿ.

ನಿಮ್ಮ ಮಗಳು,
ವಿಶಾಖಾ

ತಾ.ಕ.: ಇದನ್ನು ಅಂಚೆಗೆ ಹಾಕಲು ಹೊರಟಿದ್ದೆ, ಅವ್ವ ಇಳಕಲ್ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಾಳೆ. ‘ಪೋಸ್ಟ್ ಯಾಕ? ತಾ ಇಲ್ಲಿ, ನಾನೇ ಒಯ್ತೀನಿ’ ಅನ್ನುತ್ತಿದ್ದಾಳೆ. ಬಸ್ ಸ್ಟ್ಯಾಂಡಿನ ತನಕ ನಿಮ್ಮ ಗಾಡಿಯ ಮೇಲೆಯೇ ಹೋಗಬೇಕಂತೆ, ಆಟೋ ಬೇಡವಂತೆ. ಹೀಗಾಗಿ ನೀವು ಇದನ್ನು ಓದುವಾಗ ಅವಳು ಎದುರಿಗೇ ಕೂತಿರುತ್ತಾಳೆ. ಅವಳ ಚೀಲ ಎತ್ತಿ ನೋಡಿದೆ, ಅರ್ಧ ಖಾಲಿ ಇದೆ. ನಿಮ್ಮ ಬಟ್ಟೆಗೆಂದು ಜಾಗ ಬಿಟ್ಟಿದ್ದಾಳೆ.