ಮನೆಮೊದಲು ಎಂಬ ಕಾಯಿದೆ

ಕೃಷ್ಣೆಯ ಹಿನ್ನೀರು, ತೇಲುಕೇರಿ
ಫೆಬ್ರವರಿ ಮೂವತ್ತು, 2219

ತಾರೀಖು ನೋಡಿ ನಗಬೇಡಿ. ನಿಮ್ಮ ಕ್ಯಾಲೆಂಡರಿನಲ್ಲಿ ಈ ದಿನ ಇಲ್ಲವೆಂದು ನನಗೂ ಗೊತ್ತು. ನಮ್ಮ ಹಿರಿಯರು ಬೇರೆ ತಿಂಗಳುಗಳಿಂದ ಎರಡು ದಿನ ಕಿತ್ತು ಬಡ ಫೆಬ್ರವರಿಗೆ ಕೊಟ್ಟರು. ನನ್ನ ಮಾತುಗಳೂ ಅಲ್ಲಲ್ಲಿ ನಿಮಗೆ ವಿಚಿತ್ರವೆನಿಸಬಹುದು, ಅದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ಕಳೆದ ಕಾಲಕ್ಕೆ ಬರೆಯುವ ಕಾಗದವನ್ನು ನಾವು ಹಿಂದೋಲೆ ಎನ್ನುತ್ತೇವೆ. ಅದು ಒಬ್ಬರಿಗೆ ಜನ್ಮದಲ್ಲಿ ಒಂದೇ ಸಿಗುವುದು. ಮಂದಿ ಅದನ್ನು ಮುತ್ತಜ್ಜಿಯ ಕ್ಷೇಮಸಮಾಚಾರ ಕೇಳಲು ಖರ್ಚು ಮಾಡುತ್ತಾರೆ. ನಾನು ಮಾತ್ರ ನಿಮ್ಮ ಜೊತೆ ಜಗಳಕ್ಕೆ ಬಂದಿದ್ದೇನೆ.

ನನ್ನ ಹೆಸರು ನೀಲಾಂಬಿಕಾ ಹಂದಿಗನೂರ. ಜ್ವರಗಳ ವೈದ್ಯೆ. ನಿಮ್ಮ ಕಾಲಕ್ಕೆ ಬಿಳಿಜೋಳ ಬೆಳೆಯುತ್ತಿದ್ದ ಎರೆಹೊಲಗಳ ಮೇಲೆ ಈಗ ನೀರು ನಿಂತಿದೆ, ನೀರಿನ ಮೇಲೆ ನಮ್ಮ ಮನೆಗಳು ತೇಲುತ್ತವೆ. ಜೋಳವನ್ನೂ ತೆಪ್ಪದ ಮೇಲೆಯೇ ಬೆಳೆಯುತ್ತೇವೆ. ರೊಟ್ಟಿ ಬಡಿಯುವ ಸಪ್ಪಳ ಮಾತ್ರ ನೀವು ಕೇಳಿದ್ದೇ. ಆರೋಗ್ಯದ ಯಾವ ನಿರ್ಧಾರವನ್ನೂ ನಾವು ಬಾಗಿಲು ಮುಚ್ಚಿಕೊಂಡು ಮಾಡುವುದಿಲ್ಲ. ತಜ್ಞರು ಮಾತಿನಕಟ್ಟೆಯ ಮೇಲೆ ಕೂತು ವಾದಿಸಬೇಕು, ಅದು ಮನೆಮನೆಯ ಗೋಡೆಬಾಯಿಯಲ್ಲಿ ಕೇಳಬೇಕು. ಗೋಡೆಬಾಯಿ ಎಂದರೆ ಅಡುಗೆಮನೆಯ ಗೋಡೆಯಲ್ಲಿ ಕೂಡಿಸಿದ ರೇಡಿಯೋ ಅನ್ನಿ. ನಮ್ಮ ನೆರೆಮನೆಯ ಕಾಶಮ್ಮ ರೊಟ್ಟಿ ಬಡಿಯುತ್ತ ಅದಕ್ಕೆ ಬೈಯುತ್ತಾಳೆ. ಕಟ್ಟೆಯ ಮೇಲೆ ಯಾರೋ ಹಿರಿಯರು ತಾಳಿದವನು ಬಾಳಿಯಾನು ಎಂದರೆ ಸಾಕು, “ತಾಳಿದವರೆಲ್ಲಾ ಸತ್ತು ಮಣ್ಣಾದ್ರಲ್ಲೋ ನಿನ್ನ ಬಾಯಿಗೆ ಬೂದಿ ಹಾಕ” ಎಂದು ಹಿಟ್ಟಿನ ಕೈ ತೋರಿಸುತ್ತಾಳೆ. ಆ ಬೈಗುಳ ಗೋಡೆ ದಾಟಿ ನನಗೂ ಕೇಳುತ್ತದೆ.

ಜಗಳದ ವಿಷಯಕ್ಕೆ ಬರುತ್ತೇನೆ. ನಿಮ್ಮ ಕಾಲದಲ್ಲಿ ಎಲ್ಲೋ ಒಂದು ಸಭೆ ನಡೆದಿತ್ತಂತೆ. ವೇದಿಕೆಯ ಮೇಲೆ ವೈದ್ಯರು, ಸಂಶೋಧಕರು ಕೂತು ಹೊಸ ಔಷಧಿಯೊಂದನ್ನು ಹೊಗಳುತ್ತಿದ್ದಾಗ ಹಿಂದಿನ ಸಾಲಿನಿಂದ ಒಬ್ಬರು ಎದ್ದು, ಇದನ್ನು ಮೊದಲು ನಿಮ್ಮ ಮನೆಯವರಿಗೆ ಕೊಡುತ್ತೀರಾ ಎಂದು ಕೇಳಿದರಂತೆ. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತಂತೆ. ಯಾವ ಊರು, ಯಾರು, ಒಂದೂ ನಮಗೆ ತಿಳಿಯದು. ಚಪ್ಪಾಳೆ ಮಾತ್ರ ಉಳಿಯಿತು. ತಜ್ಞರ ಮೇಲೆ ಯಾರಿಗೂ ನಂಬಿಕೆ ಉಳಿಯದ ಕಾಲ ಬಂದಾಗ ನಿಮ್ಮ ಮರಿಮಕ್ಕಳು ಆ ಪ್ರಶ್ನೆಯನ್ನೇ ಕಾಯಿದೆ ಮಾಡಿದರು. ಅದಕ್ಕೆ ಮನೆಮೊದಲು ಎಂದು ಹೆಸರು. ಹೊಸ ಔಷಧಿಗೆ ಕಟ್ಟೆಯ ಮೇಲಿನ ಐವರೂ ಹೂಂ ಅನ್ನಬೇಕು. ಆ ಔಷಧಿಗೆ ತಕ್ಕವರು ಅವರಲ್ಲಿ ಯಾರ ಮನೆಯಲ್ಲಿದ್ದರೂ ಮೊದಲ ಸೂಜಿ ಅವರಿಗೇ. ಒಬ್ಬರು ಒಲ್ಲೆ ಎಂದರೂ ಮಾತು ಮುಂದಿನ ತಿಂಗಳಿಗೆ ಹೋಗುತ್ತದೆ. ಚೆನ್ನಾಗಿದೆ ಅಲ್ಲವೇ? ನನಗೂ ಚೆನ್ನಾಗಿಯೇ ಕಂಡಿತ್ತು.

ಈಗ ನಮ್ಮಲ್ಲಿ ನಡುಗುಜ್ವರ ಬಂದಿದೆ. ಗಟ್ಟಿ ಆಳುಗಳಿಗೆ ಎರಡು ದಿನ ಮೈನೋವು, ಅಷ್ಟೇ. ಬಸುರಿಯರನ್ನು ಮಾತ್ರ ಬಿಡುವುದಿಲ್ಲ. ಅದಕ್ಕೆ ತಡೆಮದ್ದು ತಯಾರಾಗಿದೆ, ಸಾವಿರಾರು ಜನರ ಮೇಲೆ ಪರೀಕ್ಷೆಯೂ ಆಗಿದೆ. ಆದರೆ ಅವರಲ್ಲಿ ಬಸುರಿಯರಿರಲಿಲ್ಲ. ಬಸುರಿಯರ ಮೇಲೆ ಪರೀಕ್ಷೆ ಬೇಡ, ಪಾಪ ಎಂದು ನಿಮ್ಮ ಕಾಲದವರೂ ಹಿಂಜರಿಯುತ್ತಿದ್ದರಲ್ಲ, ನಾವೂ ಅದನ್ನೇ ಮಾಡಿದೆವು. ಬಸುರಾಗಿರುವುದು ಗೊತ್ತಿಲ್ಲದೆ ತೆಗೆದುಕೊಂಡ ಕೆಲವರಷ್ಟೇ ನಮಗಿರುವ ಆಧಾರ. ಅವರೆಲ್ಲ ಉಳಿದರು. ಒಂದು ಕೂಸು ಮಾತ್ರ ಹೊಟ್ಟೆಯಲ್ಲೇ ಸತ್ತಿತು. ಮದ್ದಿನಿಂದಲೋ, ಬೇರೆ ಕಾರಣದಿಂದಲೋ ಹೇಳಲು ಬರುವುದಿಲ್ಲ.

ಕಟ್ಟೆಯ ಮೇಲಿನ ಐವರಲ್ಲಿ ನಾನೂ ಒಬ್ಬಳು. ಉಳಿದ ನಾಲ್ವರೂ ಹೂಂ ಎಂದಾಗಿದೆ. ಅವರ ಮನೆಗಳಲ್ಲಿ ಬಸುರಿಯರಿಲ್ಲ, ಬಾಯಿ ಮಾತ್ರ ಇದೆ. ನನ್ನ ಮನೆಯಲ್ಲಿ ಮಗಳು ಸುಗಲಾಗೆ ಏಳನೆಯ ತಿಂಗಳು. ದೋಣಿ ಯಂತ್ರ ರಿಪೇರಿ ಮಾಡುವ ಹುಡುಗಿ, ಈಗಲೂ ಹೊಟ್ಟೆ ಹೊತ್ತುಕೊಂಡೇ ಯಂತ್ರದ ಕೆಳಗೆ ತೂರುತ್ತಾಳೆ. ನನಗೆ ಅತ್ತ ದರಿ, ಇತ್ತ ಪುಲಿ. ಎರಡು ತಿಂಗಳೂ ಕಟ್ಟೆಯ ಮೇಲೆ, ಇನ್ನಷ್ಟು ಮಾಹಿತಿ ಬರಲಿ ಎಂದೆ. ಹಾಗೆ ಹೇಳುವಾಗ ನನ್ನ ದನಿ ಬಹಳ ಗಂಭೀರವಾಗಿರುತ್ತಿತ್ತು.

ಮೊನ್ನೆ ಮೂರನೆಯ ಸಲ ಅದನ್ನೇ ಹೇಳಲು ಬಾಯಿ ತೆರೆದಾಗ, ಕಟ್ಟೆಯ ಮುಂದೆ ಕೂತ ಮಂದಿಯಲ್ಲಿ ನಡುಗಡ್ಡೆಯ ರಾಜೇಸಾಬ ಎದ್ದು ನಿಂತ. ಮೀನು ಹಿಡಿಯುವವನು. ಹೆಂಡತಿ ದಾವಲಬಿ ಹೋದ ವಾರ ಇದೇ ಜ್ವರಕ್ಕೆ ಬಸುರಿನಲ್ಲೇ ತೀರಿಹೋದಳು. ಅವನು ಕೂಗಾಡಲಿಲ್ಲ.

“ಡಾಕ್ಟರ ಬಾಯಾರೆ, ನೀವು ನಿಮ್ಮ ಮಗಳ ಸಲುವಾಗಿ ಕಾಯಾಕತ್ತೀರಿ, ತಪ್ಪಲ್ಲ. ನಾವು ಯಾರ ಸಲುವಾಗಿ ಕಾಯಬೇಕ್ರಿ?”

 ಸಭೆಯನ್ನು ಇವತ್ತಿನ ಮಧ್ಯಾಹ್ನಕ್ಕೆ ಮುಂದೂಡಿದರು. ಮನೆಗೆ ಬಂದರೆ ಸುಗಲಾ ಗೋಡೆಬಾಯಿಯ ಮುಂದೆ ಕೈಯಲ್ಲಿ ನಟ್ಟು ತಿರುಗಿಸುವ ಪಾನಾ ಹಿಡಿದುಕೊಂಡೇ ನಿಂತಿದ್ದಳು.

“ಅವ್ವಾ, ಐದು ಮಂದಿ ಕೂತು ನನ್ನ ಹೊಟ್ಟಿ ಮ್ಯಾಲೆ ಎರಡು ತಿಂಗಳಿಂದ ಮಾತಾಡಾಕತ್ತೀರಿ. ಒಬ್ಬರರ ನನ್ನ ಕೇಳೀರೇನು?”

ನಿನಗೇನು ತಿಳಿಯುತ್ತದೆ, ಸುಮ್ಮನಿರು ಎಂದು ಗದರಿದೆ. ಆಮೇಲೆ ಕಾಯಿದೆಯನ್ನು ಮನಸ್ಸಿನಲ್ಲೇ ತಿರುವಿ ಹಾಕಿದೆ. ಅದು ಕೊಡುತ್ತೀರಾ ಎಂದು ತಜ್ಞರನ್ನು ಕೇಳುತ್ತದೆ. ತೆಗೆದುಕೊಳ್ಳುತ್ತೀಯಾ ಎಂದು ಮನೆಯವರನ್ನು ಕೇಳುವ ಸಾಲು ಅದರಲ್ಲಿ ಇಲ್ಲ. ನೂರು ವರ್ಷ ನಾವು ಹೆಂಡತಿ, ಮಕ್ಕಳು, ಮುದುಕರನ್ನು ಒತ್ತೆ ಇಟ್ಟು ನಂಬಿಕೆ ಗಳಿಸಿದೆವು, ಅದನ್ನು ಧರ್ಮ ಎಂದುಕೊಂಡೆವು. ಆ ಚಪ್ಪಾಳೆ ತಟ್ಟಿದವರ ಮೇಲೆ ನನಗೆ ಸಿಟ್ಟು ಬಂದದ್ದು ಆಗಲೇ.

ನಿನ್ನೆ ಅವಳನ್ನು ಎದುರಿಗೆ ಕೂರಿಸಿಕೊಂಡು ನನ್ನ ಜೊತೆಯ ವೈದ್ಯರಿಗೆ ಹೇಳುವಂತೆ ಎಲ್ಲ ಹೇಳಿದೆ. ಬದುಕಿ ಉಳಿದವರ ವಿಷಯವನ್ನೂ ಹೇಳಿದೆ, ಸತ್ತ ಕೂಸಿನದನ್ನೂ ಹೇಳಿದೆ, ನಮಗೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಹೇಳಿದೆ. ಒಲೆಯ ಮೇಲಿನ ಪಲ್ಯ ಸೀದು ಹೋಯಿತು. ಕೊನೆಗೆ ಅವಳು, ನೀನು ಬರೀ ಡಾಕ್ಟರಾಗಿದ್ದರೆ ಏನು ಹೇಳುತ್ತಿದ್ದೆ ಎಂದು ಕೇಳಿದಳು. ತಗೋ ಎನ್ನುತ್ತಿದ್ದೆ ಎಂದೆ. ಅವ್ವನಾಗಿ ಏನು ಹೇಳುತ್ತೀ ಎಂದಳು. ನನಗೆ ಅಳು ಬಂತು, ಅವಳ ಮುಂದೆಯೇ ಅತ್ತೆ. ಅವಳು ಎದ್ದು ಸೀದ ಪಾತ್ರೆಗೆ ನೀರು ಹಾಕಿ ಬಂದು, ಆಯಿತು ತಗೋತೀನಿ, ಆದರೆ ಒಂದು ಮಾತು ನಡೆಸಿಕೊಡು ಎಂದಳು.

“ನನ್ನ ತೋಳು ನೋಡಿ ನಡುಗಡ್ಡಿ ಹೆಣ್ಣಮಕ್ಕಳು ಹೂಂ ಅನ್ನಬಾರದು. ನನಗ ಹೆಂಗ ಹೇಳಿದಿ, ಅವರ ಮನಿಗೆ ಹೋಗಿ ಅವರಿಗೂ ಹಂಗ ಹೇಳು. ಆ ಕೂಸಿಂದೂ ಹೇಳು.”

ಇದನ್ನು ಕಾಯಿದೆಗೆ ಸೇರಿಸಿ ಎಂದು ಇವತ್ತು ಕಟ್ಟೆಯ ಮೇಲೆ ಕೇಳಲಿದ್ದೇನೆ. ಉಳಿದ ನಾಲ್ವರು ಒಪ್ಪುತ್ತಾರೋ ಇಲ್ಲವೋ ತಿಳಿಯದು. ಬಸುರಿಯರನ್ನು ಹೆದರಿಸಬೇಡಿ ಎನ್ನುವವರು ಅವರಲ್ಲೂ ಇದ್ದಾರೆ.

ನಿಮ್ಮಲ್ಲಿ ನನ್ನದೊಂದು ಬೇಡಿಕೆ. ತಜ್ಞರು ವೇದಿಕೆಯ ಮೇಲೆ ಕೂತು ಇಂಥವರಿಗೆ ಇದು ಒಳ್ಳೆಯದು, ಅಂಥವರಿಗೆ ಇದು ಬೇಡ ಎಂದು ಮಾತಾಡುವಾಗ ನೀವು ಹಿಂದಿನ ಸಾಲಿನಲ್ಲಿ ಕೂತಿರುತ್ತೀರಿ. ಅವರ ಮನೆಯವರ ಸುದ್ದಿ ಎತ್ತಬೇಡಿ. ಅದಕ್ಕೆ ಚಪ್ಪಾಳೆ ಬೀಳುತ್ತದೆ, ಅಷ್ಟೇ. ಇದನ್ನು ತೆಗೆದುಕೊಳ್ಳಬೇಕಾದವರನ್ನು ಕೇಳಿದಿರಾ ಎನ್ನಿ. ಗೊತ್ತಿಲ್ಲದ್ದನ್ನೂ ಅವರಿಗೆ ಹೇಳಿದಿರಾ ಎನ್ನಿ. ಯಾರೂ ಚಪ್ಪಾಳೆ ತಟ್ಟದಿದ್ದರೂ ಪರವಾಗಿಲ್ಲ, ಕೇಳಿ ಕೂತುಕೊಳ್ಳಿ.

ಕಟ್ಟೆಗೆ ಹೋಗುವ ದೋಣಿ ಬಂದಿದೆ. ಸುಗಲಾ ಎಡಗೈಯ ಅಂಗಿತೋಳು ಮಡಚಿಕೊಂಡು ಬಾಗಿಲಲ್ಲಿ ನಿಂತು, ಬರೆದದ್ದು ಸಾಕು ಬಾ ಎನ್ನುತ್ತಿದ್ದಾಳೆ. ಮದ್ದು ಅವಳನ್ನು ಕಾಯುತ್ತದೋ ಇಲ್ಲವೋ, ಈ ಕಾಗದ ನಿಮಗೆ ಮುಟ್ಟುವ ಹೊತ್ತಿಗೂ ನನಗೆ ಗೊತ್ತಿರುವುದಿಲ್ಲ. ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾಗಿದ್ದರೆ ಸರಿಮಾಡಿಕೊಂಡು ಓದಿ. ಈಗ ಬಾಗಿಲಿಗೆ ಹೋಗಿ ಅವಳನ್ನು ಇನ್ನೊಮ್ಮೆ ಕೇಳುತ್ತೇನೆ. ಬೇಡ ಎಂದರೆ ದೋಣಿಯನ್ನು ವಾಪಸು ಕಳಿಸುತ್ತೇನೆ.

ನಿಮ್ಮ ಮುಂದಿನವಳು,
ನೀಲಾಂಬಿಕಾ