ಮುಚ್ಚಿಟ್ಟರೆ ಬೂಸ್ಟು, ಬಿಚ್ಚಿಟ್ಟರೆ ಟೋಸ್ಟು

೨ ಫೆಬ್ರವರಿ ೧೯೯೬, ಶುಕ್ರವಾರ, ಬೆಳಿಗ್ಗೆ ೬

ಮೂರು ಗುಂಡು ಬ್ರೆಡ್ಡು ಓವನ್ನಿನಿಂದ ಈಗಷ್ಟೇ ಇಳಿದವು. ಪೂರ್ವಿ ಎದ್ದಿಲ್ಲ. ಕಸ್ತೂರಿ ನೈಟ್ ಡ್ಯೂಟಿಯಿಂದ ಬಂದಿಲ್ಲ. ಹೆಂಡತಿ ಡಾಕ್ಟರು, ಮಗಳು ಹೈಸ್ಕೂಲು, ನಾನು ಬಿ.ಎ., ಕನ್ನಡ ಮಾಧ್ಯಮ — ಸದ್ಯ ಅಡುಗೆ ವಿಭಾಗ. ಆಸ್ಟ್ರೇಲಿಯಾದ ಪರ್ತ್‌ಗೆ ಬಂದು ಎರಡು ವರ್ಷ. ನಲವತ್ತಾರು ಅರ್ಜಿ ಹಾಕಿದ್ದೇನೆ, ವಯಸ್ಸಿನ ವರ್ಷಕ್ಕೊಂದರಂತೆ. ಎಲ್ಲ ಕಡೆಯಿಂದಲೂ 'ವಿ ರಿಗ್ರೆಟ್'. ಇಷ್ಟೊಂದು ಜನ ವಿಷಾದಪಡುವ ಊರನ್ನು ಬೇರೆಲ್ಲೂ ಕಂಡಿಲ್ಲ.

ಇವತ್ತು ಮಾತ್ರ ಕೆಲಸ ಉಂಟು. ಫ್ರೀಮ್ಯಾಂಟಲ್ ಮಾರ್ಕೆಟ್ಟಿನಲ್ಲಿ ಗ್ಲೋರಿಯಾ ಅವರ ಉಪ್ಪಿನಕಾಯಿ ಮಳಿಗೆ. ಮಂಗಳೂರಿನವರು, ಬಹ್ರೇನ್ ಮಾರ್ಗವಾಗಿ ಇಲ್ಲಿಗೆ. ಇಲ್ಲಿನ ಕನ್ನಡಿಗರ ಪಿಕ್ನಿಕ್ಕಿನಲ್ಲಿ ನನ್ನ ಬ್ರೆಡ್ಡು ತಿಂದು ಹೇಳಿದ್ದರು, "ಮೂಲೆಯ ಮೇಜು ಖಾಲಿ ಉಂಟು ಮಾರಾಯ್ರೆ. ಶುಕ್ರವಾರ ತಂದಿಡಿ. ಆದರೆ ಭಾನುವಾರ ಕೊಂಡವನೂ ನನಗೆ ಬೈಯಬಾರದು, ಆಯ್ತಾ?"

ಮೂರು ದಿನ ಮೆತ್ತಗಿರಬೇಕು, ಅಷ್ಟೆ. ಬಿಸಿಬಿಸಿಯಾಗಿಯೇ ಬಟ್ಟೆ ಸುತ್ತಿ, ಮೈಸೂರಿನಿಂದ ಹೊತ್ತು ತಂದ ದೊಡ್ಡ ಹಾಟ್‌ಬಾಕ್ಸಿಗೆ ಇಳಿಸಿ, ಮುಚ್ಚಳ ಬಿಗಿದಿದ್ದೇನೆ. ಚಪಾತಿಯನ್ನು ಮೆತ್ತಗಿಟ್ಟ ಪೆಟ್ಟಿಗೆ ಬ್ರೆಡ್ಡಿಗೆ ಮೋಸ ಮಾಡೀತೇ? ಹಾಗೇ ಇಟ್ಟು ಮಾರಿ ಎಂದು ಪೆಟ್ಟಿಗೆ ಸಮೇತ ಕೊಟ್ಟು ಬರುವೆ. ನಮ್ಮ ಬಡಾವಣೆ ಬೆಂಟ್ಲಿಯಿಂದ ಬಸ್ಸು, ಆಮೇಲೆ ಟ್ರೈನು.

೪ ಫೆಬ್ರವರಿ, ಭಾನುವಾರ

ಗ್ಲೋರಿಯಾ ಅವರ ಫೋನು.

"ಮೌಳಿ ಸರ್, ಇದು ಬ್ರೆಡ್ಡೋ ಕೈತೋಟವೋ?"

"ಯಾಕೆ?"

"ಹಸಿರು ಬಂದಿದೆ. ಇನ್ನೆರಡು ದಿನ ಬಿಟ್ಟರೆ ಹೂವೂ ಬಿಡ್ತದೆ."

ಮೋಸ ಮಾಡಿತು.

೯ ಫೆಬ್ರವರಿ, ಶುಕ್ರವಾರ

ಈ ಸಲ ಮುಚ್ಚುವ ಮಾತೇ ಇಲ್ಲ. ಗಾಳಿಯಾಡಲಿ ಎಂದು ಬಾಯಿ ತೆರೆದ ಕಾಗದದ ಚೀಲ. ಮೂರು ಕೊಟ್ಟು ಬಂದೆ. ಹೊರಗೆ ನಲವತ್ತು ಡಿಗ್ರಿ. ಒಗೆದ ಬಟ್ಟೆ ಹತ್ತು ನಿಮಿಷದಲ್ಲಿ ಹಪ್ಪಳ.

೧೧ ಫೆಬ್ರವರಿ, ಭಾನುವಾರ

ಬ್ರೆಡ್ಡೂ ಹಪ್ಪಳ. ಪಕ್ಕದ ಮಳಿಗೆಯ ಕಾಲಿನ್ ಅದನ್ನು ಮೇಜಿಗೆ ಕುಟ್ಟಿ "ಎನಿಬಡಿ ಹೋಮ್?" ಎಂದು ಕೇಳಿದನಂತೆ.

ಮುಚ್ಚಿಟ್ಟರೆ ಬೂಸ್ಟು,
ಬಿಚ್ಚಿಟ್ಟರೆ ಟೋಸ್ಟು!

ಪ್ರಾಸ ಕೂಡಿತು. ಬ್ರೆಡ್ಡು ಕೂಡಲಿಲ್ಲ.

ಫೋನಿನಲ್ಲಿ ಇದನ್ನು ಕೇಳಿ ಗ್ಲೋರಿಯಾ ಅವರು ನಗಲಿಲ್ಲ. "ಮೇಣದಬತ್ತಿ ಮಾರುವವಳೊಬ್ಬಳು ಆ ಮೇಜು ಕೇಳ್ತಾ ಇದ್ದಾಳೆ. ಅವಳ ಮಾಲು ಹಳಸುವುದಿಲ್ಲ. ಇಪ್ಪತ್ತೈದರ ಭಾನುವಾರ ಬನ್ನಿ. ಶುಕ್ರವಾರ ಮಾಡಿದ ಒಂದು ಬ್ರೆಡ್ಡು ತನ್ನಿ. ನಾನೇ ಕೊಯ್ದು ನೋಡ್ತೇನೆ. ಆಮೇಲೆ ನನ್ನನ್ನು ಬೇಡಬೇಡಿ."

೧೪ ಫೆಬ್ರವರಿ, ಬುಧವಾರ

ಸೋಮವಾರ ಒಂದು ಮಾಡಿ ಫ್ರಿಜ್ಜಿನಲ್ಲಿಟ್ಟಿದ್ದೆ. ಹಾಲು, ತರಕಾರಿ, ಹುಳಿ ಎಲ್ಲವನ್ನೂ ಕಾಯುವ ದೇವರಲ್ಲವೇ. ತೆಗೆದು ನೋಡಿದರೆ ಹೊರಗಿಟ್ಟದ್ದಕ್ಕಿಂತ ಬೇಗ ಬಿರುಸಾಗಿದೆ! ಹಿಟ್ಟಾಗಿತ್ತು, ಇಟ್ಟಿಗೆಯಾಯಿತು.

ಕಸ್ತೂರಿ ಅದನ್ನೇ ಸಾರಿನಲ್ಲಿ ಅದ್ದಿಕೊಂಡು ತಿಂದಳು. ಚೆನ್ನಾಗಿದೆ ಎನ್ನಲಿಲ್ಲ, ಚೆನ್ನಾಗಿಲ್ಲ ಎನ್ನಲಿಲ್ಲ. ಎರಡು ವರ್ಷದಿಂದ ಹೀಗೇ. ಇಟ್ಟದ್ದನ್ನು ತಿನ್ನುತ್ತಾಳೆ, ಮಲಗುತ್ತಾಳೆ. "ಮೇಜು ಹೋದ್ರೆ ಹೋಗ್ಲಿ ಬಿಡ್ರೀ" ಎಂದಳು, ಅಷ್ಟೆ. ಹೇಗೆ ಹೋಗಲಿ? ನಲವತ್ತೇಳನೇ ಅರ್ಜಿ ಇದು...

೨೧ ಫೆಬ್ರವರಿ, ಬುಧವಾರ

ಒಂದು ವಾರ ಬರೆದಿಲ್ಲ. ಹಿಟ್ಟು ಮುಟ್ಟಿಲ್ಲ. ಮೇಣದಬತ್ತಿಯವಳ ಮೇಲೆ ಕಾರಣವಿಲ್ಲದೆ ಸಿಟ್ಟು.

ಸಂಜೆ ಕೋಡುಬಳೆ ಕರಿಯುತ್ತಿದ್ದೆ. ಪೂರ್ವಿ ಸಹಾಯ ಮಾಡುತ್ತೇನೆಂದು ಬಾಣಲೆಯಿಂದ ತೆಗೆದದ್ದನ್ನು ತೆಗೆದಂತೆ ಡಬ್ಬಕ್ಕೆ ತುಂಬಿ ಮುಚ್ಚಳ ಹಾಕಿದಳು.

"ಏಯ್, ಬಿಸಿ ಆರೋಕೆ ಮುಂಚೆ ಮುಚ್ತಾರೇನೇ? ಬೆವತು ಮೆತ್ತಗಾಗುತ್ತೆ. ಹಾಳಾಗುತ್ತೆ!"

ಹುಡುಗಿ ಮುಚ್ಚಳ ಹಿಡಿದು ನನ್ನನ್ನೇ ನೋಡಿದಳು. "ಡ್ಯಾಡ್, ದೆನ್ ವೈ ಡು ಯೂ ಡೂ ದಟ್ ಟು ದ ಬ್ರೆಡ್?"

ಜಾಲರಿ ಸೌಟು ಕೈಯಲ್ಲಿ ಹಾಗೇ ನಿಂತಿತು. ಒಂದು ಕೋಡುಬಳೆ ಸೀದುಹೋಯಿತು.

ಚಪಾತಿಯ ಜಾತಿ ಎಂದುಕೊಂಡಿದ್ದೆ ಬ್ರೆಡ್ಡನ್ನು. ಮುಚ್ಚುವ ಮೊದಲು ಅದು ಕೋಡುಬಳೆಯ ಜಾತಿ, ಆರಲೇಬೇಕು! ನಲವತ್ತಾರು ವರ್ಷ ಕೇಳಿಕೊಂಡು ಬಂದ ಬುದ್ಧಿಮಾತು, ಹದಿನಾಲ್ಕರ ಹುಡುಗಿ ಇಂಗ್ಲಿಷಿನಲ್ಲಿ ತಿರುಗಿಸಿ ಕೊಟ್ಟಳು.

೨೩ ಫೆಬ್ರವರಿ, ಶುಕ್ರವಾರ

ಬೆಳಿಗ್ಗೆ ಆರಕ್ಕೆ ಇಳಿಸಿದೆ. ಕಂಬಿ ತಟ್ಟೆಯ ಮೇಲೆ, ಕೆಳಗೂ ಗಾಳಿ ಹೋಗುವಂತೆ. ಎಂಟಕ್ಕೆ ತಳ ಮುಟ್ಟಿದೆ — ಇನ್ನೂ ಬೆಚ್ಚಗೆ. ಒಂಬತ್ತಕ್ಕೆ — ಅನುಮಾನ. ಹತ್ತಕ್ಕೆ ಪೂರ್ತಿ ತಣ್ಣಗೆ. ಒಗೆದ ಹತ್ತಿ ಬಟ್ಟೆಯಲ್ಲಿ ಸುತ್ತಿ ಕಡ್ಲೆಪುರಿ ತುಂಬುವ ಸ್ಟೀಲ್ ಡಬ್ಬಕ್ಕೆ. ಮುಚ್ಚಳ ಒತ್ತಿಲ್ಲ, ಮೇಲೆ ಇಟ್ಟಿದ್ದೇನೆ ಅಷ್ಟೆ. ಅಟ್ಟದ ಮೇಲೆ, ಬಿಸಿಲು ಬೀಳದ ಮೂಲೆಯಲ್ಲಿ.

ಪೂರ್ವಿಗೆ ತಾಕೀತು: ಮುಟ್ಟಬೇಡ. "ಓಕೆ ಓಕೆ, ಇಟ್ಸ್ ನಾಟ್ ಅ ಬೇಬಿ."

ಕಸ್ತೂರಿ ಡ್ಯೂಟಿಯಲ್ಲಿದ್ದಳು. ಅವಳಿಗೆ ಹೇಳುವುದು ಮರೆತೆ.

೨೫ ಫೆಬ್ರವರಿ, ಭಾನುವಾರ

ಸ್ನಾನ ಮುಗಿಸಿ ಬಂದರೆ ಡಬ್ಬ ಮೇಜಿನ ಮೇಲೆ. ಬಾಯಿ ತೆರೆದಿದೆ. ಬ್ರೆಡ್ಡು ಅರ್ಧ. ಕಸ್ತೂರಿ ಆಸ್ಪತ್ರೆ ಬಟ್ಟೆಯಲ್ಲೇ ಕುಳಿತು ಚಟ್ನಿಪುಡಿ ಹಚ್ಚಿ ತಿನ್ನುತ್ತಿದ್ದಾಳೆ.

"ಏನ್ರೀ ಹಾಗ್ ನೋಡ್ತೀರಾ? ಎರಡೇ ತುಂಡು ತಗೊಂಡಿದ್ದು."

"ಎರಡಾ? ಅರ್ಧ ಹೋಗಿದೆ ಕಣೇ!"

"ರಾತ್ರಿಯೆಲ್ಲ ನಿಂತು ಬಂದಿದೀನಿ. ಬೆಳಿಗ್ಗೆ ಮಾಡಿದ ಬ್ರೆಡ್ಡು ಇದೆ ಅಂತ ತಿಂದೆ. ತಪ್ಪಾ?"

ಬೈಯಲು ಹೊರಟವನು ಕುರ್ಚಿ ಎಳೆದು ಕುಳಿತೆ.

"ಯಾವತ್ತು ಮಾಡಿದ್ದು ಅಂದೆ?"

"ಇವತ್ತು. ಅಲ್ವಾ?"

"ಇನ್ನೊಂದ್ಸಲ ಹೇಳು."

"ರೀ, ಹುಷಾರಾಗಿದೀರಾ?"

ಉಳಿದ ಅರ್ಧವನ್ನು ಅದೇ ಬಟ್ಟೆಯಲ್ಲಿ ಸುತ್ತಿ ಓಡಿದೆ. ಬಸ್ಸು, ಟ್ರೈನು.

ಗ್ಲೋರಿಯಾ ಅವರು ಬಟ್ಟೆ ಬಿಚ್ಚಿದರು. "ಇನ್ನರ್ಧ ಎಲ್ಲಿ?"

"ಹೆಂಡತಿ ತಿಂದಳು. ಇವತ್ತಿನದು ಅಂದುಕೊಂಡು."

"ಯಾವ ಹೆಂಡತಿ, ಡಾಕ್ಟರಾ?"

"ಇರೋದೇ ಒಬ್ಬಳು."

ಹೆಬ್ಬೆರಳಿನಿಂದ ಒತ್ತಿದರು. ಕುಳಿ ಬಿದ್ದು, ಮೆಲ್ಲಗೆ ಮೇಲೆದ್ದಿತು. ಮೂಸಿದರು. ಕೊಯ್ದು, ಒಂದು ತುಂಡು ತಾವು ತಿಂದು ಇನ್ನೊಂದನ್ನು ಕಾಲಿನ್‌ಗೆ ಕೊಟ್ಟರು. ಅವನು ಈ ಸಲ ಕುಟ್ಟಲಿಲ್ಲ. ಬೆಣ್ಣೆ ಇದೆಯೇ ಎಂದು ಕೇಳಿದ.

"ಡಾಕ್ಟರ್ ಸರ್ಟಿಫಿಕೇಟ್ ಇರುವ ಬ್ರೆಡ್ಡಿಗೆ ನಾನು ಎಂತ ಹೇಳುವುದು ಮಾರಾಯ್ರೆ?" ಕೈ ಒರೆಸಿಕೊಂಡರು. "ಶುಕ್ರವಾರ ಹನ್ನೆರಡು ತನ್ನಿ. ಮೇಣದಬತ್ತಿಯವಳಿಗೆ ನಾನೇ ಹೇಳ್ತೇನೆ."

ತನ್ನಿ. ಎರಡು ವರ್ಷದಲ್ಲಿ ಈ ಊರು ನನಗೆ ಹಾಗೆಂದದ್ದು ಇದೇ ಮೊದಲು. ಟ್ರೈನಿನಲ್ಲಿ ಕಿಟಕಿ ಕಡೆ ತಿರುಗಿ ಕುಳಿತೆ. ಪ್ರಾಸ ಒಂದೂ ಹೊಳೆಯಲಿಲ್ಲ.

೧ ಮಾರ್ಚ್, ಶುಕ್ರವಾರ, ಬೆಳಿಗ್ಗೆ ೭.೪೦

ಹನ್ನೆರಡು. ಊಟದ ಮೇಜು, ಇಸ್ತ್ರಿ ಹಲಗೆ, ಪೂರ್ವಿಯ ಓದುವ ಮೇಜು — ಮನೆಯೆಲ್ಲ ಬ್ರೆಡ್ಡು ಆರುತ್ತಿದೆ. ಹನ್ನೊಂದೂವರೆ ಬಸ್ಸು. ಅಲ್ಲಿಯವರೆಗೆ ಯಾರೂ ಮುಟ್ಟುವಂತಿಲ್ಲ. ಈ ಸಲ ಎಲ್ಲರಿಗೂ ಹೇಳಿದ್ದೇನೆ. ಅಡುಗೆಮನೆ ಬಾಗಿಲಿಗೆ ಬರೆದೂ ಅಂಟಿಸಿದ್ದೇನೆ, ಪ್ರಾಸಬದ್ಧವಾಗಿ.

ಕಸ್ತೂರಿಯ ಕಾರು ಬಂತು. ಚಪ್ಪಲಿ ಬಿಟ್ಟಳು. ಬಾಗಿಲ ಮುಂದೆ ನಿಂತು ಓದುತ್ತಿದ್ದಾಳೆ... ನಗುತ್ತಿದ್ದಾಳೆ. ಒಳಗೆ ಹೋದಳು. ಡ್ರಾಯರ್ ಎಳೆದ ಸದ್ದು — ಚಾಕುವಿನ ಡ್ರಾಯರ್ — ಕಸ್ತೂರೀ, ಇನ್ನೂ ಆರಿಲ್ಲ ಕಣೇ, ಕೊಯ್ಯಬೇ—